ಅದು ನೋಡ್ಕೊಳ್ಳುತ್ತೆ

ಗಂಟಲು ಜೋರಾಗಿದ್ದರೆ ಶಿಬಿರದಲ್ಲಿ ಕೆಲಸಕ್ಕೆ ಬರವಿಲ್ಲ. ನದಿ ಊರೊಳಗೆ ನುಗ್ಗಿದ ಮೇಲೆ ನಾವು ನಾನ್ನೂರು ಸಂಸಾರಗಳು ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ಡೇರೆ ಹಾಕಿಕೊಂಡು ಕೂತಿದ್ದೆವು. ಮೂರನೆಯ ದಿನ ಶಿಬಿರದ ಆಫೀಸರು ಬಂದು, "ನಿಮ್ಮಲ್ಲಿ ಎಲ್ಲರಿಗೂ ಕೇಳಿಸೋ ಹಾಗೆ ಮಾತಾಡೋರು ಯಾರಿದ್ದೀರಿ?" ಎಂದು ಕೇಳಿದರು. ನಾನು ಎಲ್ಲರಿಗಿಂತ ಹಿಂದೆ ನಿಂತಿದ್ದವಳು, "ಯಾಕೆ ಸಾರ್?" ಎಂದೆ. ಅಷ್ಟಕ್ಕೇ ಆಯ್ಕೆ ಮುಗಿದುಹೋಯಿತು.

ಹನ್ನೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ಬಸ್ಸು ಡಿಪೋದಲ್ಲೇ ಕೆಸರಿನಲ್ಲಿ ಹೂತುಹೋಯಿತು, ಗಂಟಲು ಮಾತ್ರ ಉಳಿಯಿತು. ಶಿಬಿರದಲ್ಲೂ ಎಲ್ಲರ ಬಾಯಲ್ಲಿ ನಾನು ಕಂಡಕ್ಟರಮ್ಮನೇ. ಹೆಂಗಸರ ಸಾಲಿನ ಎಂಟು ಟಾಯ್ಲೆಟ್ಟುಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಕ್ಯೂ ನಿಲ್ಲಿಸುವುದು, ಜಗಳ ಬಿಡಿಸುವುದು, ದಿನಕ್ಕೆ ಮೂರು ಸಲ ಬ್ಲೀಚಿಂಗ್ ಪುಡಿಯ ನೀರು ಹಾಕಿ ನೆಲ ಉಜ್ಜುವುದು. "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ" ಎನ್ನುವ ನನ್ನ ಹಳೆಯ ಮಾತುಗಳೇ ಈ ಕೆಲಸಕ್ಕೂ ಸಾಕಾದವು.

ಡೇರೆಯಲ್ಲಿ ನಾನು, ನನ್ನ ತಂಗಿ ಇಬ್ಬರೇ. ಅವಳ ಗಂಡ ಸೇತುವೆ ಕಟ್ಟುವವರ ಜೊತೆ ಆಚೆ ದಡದಲ್ಲಿದ್ದ, ಭಾನುವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ತಂಗಿಗೆ ಏಳು ತಿಂಗಳು. ಇದಕ್ಕೆ ಮೊದಲು ಎರಡು ಸಲ ಮೂರು ತಿಂಗಳಿಗೇ ಹೋಗಿತ್ತು. ಈ ಸಲ ನಿಂತಿದೆ, ಎದೆಮಟ್ಟ ನೀರಿನಲ್ಲಿ ನಡೆದು ಬಂದರೂ ನಿಂತಿದೆ ಎಂದು ನಾನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ. ಬಾಯಿಬಿಟ್ಟು ಹೇಳಲು ಮಾತ್ರ ಹೆದರಿಕೆ. ನನಗೆ ಮದುವೆಯೂ ಇಲ್ಲ, ಮಕ್ಕಳೂ ಇಲ್ಲ. ಹುಟ್ಟುವ ಮಗುವಿನಲ್ಲಿ ಅರ್ಧ ನಿನ್ನದು ಎಂದು ತಂಗಿ ಆಗಲೇ ಹೇಳಿಬಿಟ್ಟಿದ್ದಳು. "ಯಾವ ಅರ್ಧ? ಮೇಲಿಂದೋ ಕೆಳಗಿಂದೋ?" ಎಂದು ನಾನು ಕೇಳಿದ್ದೆ. "ತೊಳಿಯೋ ಅರ್ಧ" ಎಂದು ಅವಳು ನಕ್ಕಿದ್ದಳು.

ಅವಳದು ಟೈಲರ್ ಕೆಲಸ. ಹೊಲಿಗೆ ಯಂತ್ರ ಹೋದರೂ ಕೈ ಸುಮ್ಮನಿರಬೇಕಲ್ಲ, ಶಿಬಿರದ ಆಸ್ಪತ್ರೆ ಡೇರೆಯಲ್ಲಿ ಬೆಳಿಗ್ಗೆ ಎರಡು ಗಂಟೆ ಕೂತು ಗಾಯಕ್ಕೆ ಕಟ್ಟುವ ಬಟ್ಟೆ, ಪ್ಲಾಸ್ಟರು ಕತ್ತರಿಸಿಕೊಡುತ್ತಿದ್ದಳು. "ತೆಪ್ಪಗೆ ಮಲಗಿರಬಾರದಾ" ಎಂದು ಗದರಿದರೆ, "ನಿನ್ನ ಹತ್ರ ಬೈಸ್ಕೊಂಡು ಕೂರೋದಕ್ಕಿಂತ ಅದೇ ವಾಸಿ" ಎನ್ನುವಳು. ನಾನು ಎಷ್ಟು ಬಾಯಿಬಡುಕಿಯೋ ಅವಳು ಅಷ್ಟೇ ಸಂಕೋಚದವಳು. ಟಾಯ್ಲೆಟ್ಟಿಗೆ ಹೋಗಬೇಕಾದರೂ ಸಾಲು ಕರಗಲಿ ಎಂದು ಕಾಯುವಳು. ನನ್ನ ತಂಗಿ ಎಂದು ಮುಂದೆ ಬಿಡುತ್ತೇನೆಂದರೂ ಒಪ್ಪಳು.

ನಾವು ದೀಪದ ಸಾರ್ ಎಂದು ಕರೆದ ಇಂಜಿನಿಯರು ಬಂದದ್ದು ನಾವು ಶಿಬಿರಕ್ಕೆ ಬಂದ ಇಪ್ಪತ್ತನೆಯ ದಿನ. ಪೆಟ್ಟಿಗೆಗಳನ್ನು ಇಳಿಸಿ ಎರಡು ದಿನ ಕೂತು, ಹೆಂಗಸರ ಕಡೆ ಎಂಟು, ಗಂಡಸರ ಕಡೆ ಎಂಟು ಟಾಯ್ಲೆಟ್ಟುಗಳಿಗೆ ಒಂದೊಂದು ಕೊಳವೆ ದೀಪ ಕೂರಿಸಿದರು. ಆಮೇಲೆ ಹೆಂಗಸರನ್ನೆಲ್ಲ ಸೇರಿಸಿ, "ನೇರಳಾತೀತ ಕಿರಣಗಳು ಸೂಕ್ಷ್ಮಾಣುಗಳನ್ನು ನಿಷ್ಕ್ರಿಯಗೊಳಿಸುತ್ತವೆ" ಎಂದು ಶುರುಮಾಡಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಮಗು ಅಳತೊಡಗಿತು. ಸಾರ್ ಬೆವರು ಒರೆಸಿಕೊಂಡು, "ಮೇಡಂ, ನೀವೇ ಸ್ವಲ್ಪ ಸಿಂಪಲ್ಲಾಗಿ ಹೇಳಿಬಿಡಿ" ಎಂದು ಮೈಕು ನನ್ನ ಕೈಗಿತ್ತರು. ನನಗೆ ಒಳಗೊಳಗೇ ಹಿಗ್ಗು.

"ನೋಡ್ರಮ್ಮ, ಒಳಗೆ ಮೇಲ್ಗಡೆ ಒಂದು ಟ್ಯೂಬ್‌ಲೈಟ್ ಹಾಕಿದ್ದಾರೆ. ನೀವು ಮುಗಿಸ್ಕೊಂಡು ಹೊರಗೆ ಬಂದು ಬಾಗಿಲು ಹಾಕಿದ್ರೆ ಅದು ತಾನೇ ಹತ್ಕೊಳ್ಳುತ್ತೆ. ಐದು ನಿಮಿಷ ಉರಿದು ಕ್ರಿಮಿಗಳನ್ನೆಲ್ಲ ಸಾಯಿಸುತ್ತೆ. ಆಗ ಬಾಗಿಲ ಮೇಲೆ ಕೆಂಪು ದೀಪ. ಕೆಂಪು ಇದ್ರೆ ಒಳಗೆ ಹೋಗ್ಬೇಡಿ, ಆ ಬೆಳಕು ಕಣ್ಣಿಗೂ ಮೈಗೂ ಒಳ್ಳೇದಲ್ಲ. ಹಸಿರು ಬಂದ್ರೆ ರೈಟ್, ಹೋಗ್ತಾ ಇರಿ."

ಚಾಳೀಸಜ್ಜಿ ಕೈ ಎತ್ತಿದಳು. ಒಂದು ಗಾಜು ಒಡೆದ ಕನ್ನಡಕ ಹಾಕಿಕೊಂಡೇ ಇಡೀ ಶಿಬಿರದ ಸುದ್ದಿ ಓದುವ ಮುದುಕಿ. "ನಾವು ಒಳಗೆ ಕೂತಿರೋವಾಗ್ಲೇ ಅದು ಹತ್ಕೊಂಡ್ರೆ ಏನಮ್ಮ ಗತಿ?"

ಕೇಳಬೇಕಾದ ಪ್ರಶ್ನೆಯೇ. ಅದಕ್ಕೂ ಸಾರ್ ಆಗಲೇ ನನಗೆ ಉತ್ತರ ಹೇಳಿಕೊಟ್ಟಿದ್ದರು: ಬಾಗಿಲ ಮೇಲಿನ ಮೂಲೆಯಲ್ಲಿ ಹುಣಸೆ ಬೀಜದಷ್ಟು ಒಂದು ಕಪ್ಪು ಗುಂಡಿ ಇದೆ, ಒಳಗೆ ಮನುಷ್ಯರಿದ್ದರೆ ಮೈಯ ಶಾಖದಿಂದ ಅದಕ್ಕೆ ತಿಳಿಯುತ್ತದೆ, ದೀಪ ಹತ್ತಲು ಬಿಡುವುದಿಲ್ಲ. ಇಷ್ಟು ಉದ್ದ ಯಾರು ಹೇಳುತ್ತಾರೆ? ನಾನು ಹೇಳಿದ್ದು ಹೀಗೆ: "ಮೂಲೇಲಿ ಕರೀ ಗುಂಡಿ ಇದೆಯಲ್ಲ ಅಜ್ಜಿ, ಒಳಗೆ ಯಾರಿದ್ರೂ ಅದು ನೋಡ್ಕೊಳ್ಳುತ್ತೆ. ಭಯಾನೇ ಬೇಡ. ಗಂಡನಿಗಿಂತ ಚೆನ್ನಾಗಿ ನೋಡ್ಕೊಳ್ಳುತ್ತೆ!"

ಬಸ್ಸಿನಲ್ಲಾಗಿದ್ದರೆ ಈ ಮಾತಿಗೆ ಹಿಂದಿನ ಸೀಟಿನವರೆಗೆ ನಗು ಹೋಗುತ್ತಿತ್ತು. ಇಲ್ಲಿ ಒಬ್ಬರೂ ನಗಲಿಲ್ಲ. ಮನೆ ಕಳೆದುಕೊಂಡವರು, ನಗು ಎಲ್ಲಿಂದ ಬರಬೇಕು ಎಂದುಕೊಂಡು ಸುಮ್ಮನಾದೆ. ಹೋಗುವ ಮುಂಚೆ ಸಾರ್, "ಬೆಳಕು ಬಿದ್ದ ಕಡೆ ಮಾತ್ರ ಕ್ರಿಮಿ ಸಾಯೋದು ಮೇಡಂ, ನೆಲ ತೊಳೆಯೋದು ಬಿಡಬೇಡಿ" ಎಂದು ಹೇಳಿಯೇ ಹೋದರು. ಆದರೆ ದೀಪ ಬಂದಮೇಲೆ ಆಫೀಸಿನಿಂದ ಬ್ಲೀಚಿಂಗ್ ಪುಡಿ ಬರುವುದು ಮೂರರಲ್ಲಿ ಒಂದು ಪಾಲಾಯಿತು. ಹೋಗಿ ಕೇಳಿದ್ದಕ್ಕೆ, "ಈಗ ನಿಮಗೆ ದೀಪ ಇದೆಯಲ್ಲ" ಎಂದರು. ದಿನಕ್ಕೊಂದೇ ಸಲ ಉಜ್ಜತೊಡಗಿದೆ.

ಮೊದಲ ದಿನ ಎಂಟೂ ಬಾಗಿಲುಗಳ ಮೇಲೆ ಕೆಂಪು ಹತ್ತುವುದು, ಹಸಿರಾಗುವುದು ನೋಡಿ ಮಕ್ಕಳು ಚಪ್ಪಾಳೆ ತಟ್ಟಿದವು. ಪ್ರತಿಯೊಬ್ಬರ ಹಿಂದೆ ಐದು ನಿಮಿಷ ಕಾಯಬೇಕಾಗಿ ಕ್ಯೂ ಡೇರೆಗಳ ತನಕ ಬೆಳೆಯಿತು. ಎರಡನೆಯ ದಿನ ಕೆಂಪು ಕಡಿಮೆಯಾಯಿತು. ನಾಲ್ಕನೆಯ ದಿನದ ಹೊತ್ತಿಗೆ ನಮ್ಮ ಸಾಲಿನಲ್ಲಿ ಕೆಂಪು ಎನ್ನುವುದೇ ಇಲ್ಲ. ಎಂಟಕ್ಕೆ ಎಂಟೂ ಹಸಿರು. ಗಂಡಸರ ಕಡೆ ಇನ್ನೂ ಕೆಂಪು, ಇನ್ನೂ ಕ್ಯೂ, ಇನ್ನೂ ಬೈಗುಳ.

ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಮ್ಮ ಹೆಂಗಸರು ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರೆ, ಕ್ರಿಮಿಯೇ ಇಲ್ಲದಿದ್ದರೆ ದೀಪಕ್ಕೇನು ಕೆಲಸ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಅದನ್ನೇ ನಂಬಿದೆ. ಆಫೀಸರು ಬಂದು ನೋಡಿ, "ಕ್ಯೂ ಇಲ್ಲ, ಗಲಾಟೆ ಇಲ್ಲ, ಎಲ್ಲ ಹಸಿರು. ಗಂಡಸರು ಇಲ್ಲಿ ಬಂದು ಕಲೀಬೇಕು" ಎಂದು ನಾಲ್ಕು ಜನರ ಮುಂದೆ ಹೊಗಳಿದರು. ನಾನು ಉಬ್ಬಿಹೋದೆ. ಹಾಗೆಂದು ಕೆಲಸಗಳ್ಳತನ ಮಾಡಲಿಲ್ಲ, ದಿನಾ ಪ್ರತಿ ಬಾಗಿಲು ತೆಗೆದು ನೋಡುತ್ತಿದ್ದೆ. ನೋಡುತ್ತಿದ್ದದ್ದು ನೆಲವನ್ನು. ತಲೆ ಎತ್ತಿ ಮೇಲೆ ನೋಡಲಿಲ್ಲ.

ದೀಪ ಹತ್ತಿದ ಮೊದಲ ದಿನವೇ ಮಧ್ಯಾಹ್ನ ತಂಗಿ ಕಾಲು ನೀಡಿಕೊಂಡು ಕೂತವಳು, "ಅಕ್ಕ, ಆ ಗುಂಡಿ ಏನೇನು ನೋಡುತ್ತೆ?" ಎಂದು ಕೇಳಿದ್ದಳು. ನಾನು ಅವಳ ಊದಿದ ಪಾದ ಒತ್ತುತ್ತಾ, "ನೀನು ಎಷ್ಟು ಹೊತ್ತು ಕೂತಿದ್ದೆ ಅಂತ ನೋಡಿ ಆಫೀಸಿಗೆ ರಿಪೋರ್ಟ್ ಕಳಿಸುತ್ತೆ" ಎಂದೆ. ತಮಾಷೆಗೆ. ಅವಳು ನಗುತ್ತಾಳೆ ಎಂದುಕೊಂಡೆ. ಅವಳು ಕಾಲು ಎಳೆದುಕೊಂಡು ಮಗ್ಗುಲಾದಳು. ಬಸುರಿ, ಸುಸ್ತು ಎಂದುಕೊಂಡು ಮೇಲೊಂದು ದುಪ್ಪಟಿ ಹೊದಿಸಿದೆ.

ದೀಪ ಬಂದ ಹತ್ತನೆಯ ದಿನ ಚಾಳೀಸಜ್ಜಿಯ ಮೊಮ್ಮಗಳಿಗೆ ವಾಂತಿ ಭೇದಿ ಶುರುವಾಯಿತು. ಮಾರನೆಯ ದಿನ ಮೂವರಿಗೆ. ಅದರ ಮಾರನೆಯ ದಿನ ಆಸ್ಪತ್ರೆ ಡೇರೆಯಲ್ಲಿ ಹದಿಮೂರು ಮಂಚ ಹಾಕಿದರು. ಹದಿಮೂರರಲ್ಲಿ ಹನ್ನೊಂದು ಹೆಂಗಸರು, ಮಕ್ಕಳು. ಎಲ್ಲ ನಮ್ಮ ಸಾಲಿಗೆ ಬರುವವರು.

ಗುರುವಾರ ಬೆಳಿಗ್ಗೆ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ತಂಗಿ ಡೇರೆಯ ಬಾಗಿಲಲ್ಲಿ ಕೂತಿದ್ದಳು. ಅಷ್ಟರೊಳಗೆ ಆರು ಸಲ ಆಗಿತ್ತಂತೆ. ಕಣ್ಣು ಒಳಗೆ ಹೋಗಿ ಮುಖ ಬೇರೆ ಯಾರದೋ ಆಗಿತ್ತು. "ಕೂಗಬಾರದಿತ್ತೇನೇ?" ಎಂದೆ. "ನಿನ್ನ ಹಾಗೆ ಕೂಗೋಕೆ ಬರಬೇಕಲ್ಲ" ಎಂದಳು. ಎತ್ತಿಕೊಂಡೇ ಓಡಿದೆ. ಹೊಟ್ಟೆಯಲ್ಲಿ ಇನ್ನೊಂದು ಜೀವ ಇದ್ದವಳು ಅಷ್ಟು ಹಗುರಾಗಿದ್ದಾಳಲ್ಲ ಎನ್ನುವುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿತ್ತು.

ನರ್ಸಕ್ಕ ಎರಡೂ ಕೈಗೆ ಡ್ರಿಪ್ ಹಾಕಿದರು. ನಾನು ಮಂಚದ ಸುತ್ತ ತಿರುಗುತ್ತಾ ಅದು ಮಾಡಿ, ಇದು ಮಾಡಿ ಎನ್ನುತ್ತಿದ್ದೆ. ಅವರು ತಾಳ್ಮೆಗೆಟ್ಟು, "ನೀವು ಇಲ್ಲಿ ನಿಂತು ಏನೂ ಮಾಡೋ ಹಾಗಿಲ್ಲ ಕಂಡಕ್ಟರಮ್ಮ. ಹೋಗಿ ನಿಮ್ಮ ಸಾಲು ತೊಳೀರಿ. ಅದಾದ್ರೂ ಯಾರಿಗಾದ್ರೂ ಉಪಯೋಗ ಆಗುತ್ತೆ" ಎಂದರು.

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಕೆಟ್ಟು, ಪೊರಕೆ, ಉಳಿದಿದ್ದ ಪುಡಿ ಎಲ್ಲ ಹೊತ್ತುಕೊಂಡು ಹೋದೆ. ಮೊದಲನೆಯ ಟಾಯ್ಲೆಟ್ಟಿನಲ್ಲಿ ನೆಲ ಉಜ್ಜಿ, ಗೋಡೆ ಉಜ್ಜಿ, ಬಾಗಿಲಿನ ಹಿಂಭಾಗ ಉಜ್ಜುತ್ತಾ ಮೇಲಕ್ಕೆ ಹೋದ ಕೈ ಮೂಲೆಯಲ್ಲಿ ನಿಂತಿತು. ಕಪ್ಪು ಗುಂಡಿ ಕಾಣಲಿಲ್ಲ. ಅದರ ಜಾಗದಲ್ಲಿ ಮೈಬಣ್ಣದ ಒಂದು ಪ್ಲಾಸ್ಟರ್ ತುಂಡು. ಎರಡನೆಯದರಲ್ಲಿ ಹೋಗಿ ನೋಡಿದೆ. ಮೂರನೆಯದರಲ್ಲಿ. ಎಂಟರಲ್ಲೂ ಹಾಗೆಯೇ.

ಬಕೆಟ್ಟು ಮಗುಚಿ ಹತ್ತಿ ಒಂದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡೆ. ಬೆರಳ ತುದಿಯಷ್ಟು ಗುಂಡನೆಯ ತುಂಡು. ಒಂದೇ ಸುತ್ತಿಗೆ ಕತ್ತರಿ ತಿರುಗಿಸಿ ಕತ್ತರಿಸಿದ್ದು, ಅಂಚು ಎಲ್ಲೂ ಸೊಟ್ಟಗಿಲ್ಲ. ಶಿಬಿರದಲ್ಲಿ ಹಾಗೆ ಕತ್ತರಿಸುವ ಕೈ ಒಂದೇ. ಆ ಕೈಗೆ ಈಗ ಸೂಜಿ ಚುಚ್ಚಿದ್ದರು.

ದೀಪದ ಸಾರ್‌ಗೆ ಫೋನ್ ಮಾಡಿದೆ. ಅವರು ಬೇರೆ ಯಾವುದೋ ಶಿಬಿರದಲ್ಲಿ ಏಣಿಯ ಮೇಲಿದ್ದರು. "ಗುಂಡಿ ಮುಚ್ಚಿದ್ರೆ ದೀಪ ಹತ್ತೋದೇ ಇಲ್ಲ ಮೇಡಂ. ಅದಕ್ಕೆ ಏನೂ ಗೊತ್ತಾಗದೇ ಇದ್ರೆ, ಒಳಗೆ ಜನ ಇದ್ದಾರೆ ಅಂತಲೇ ಲೆಕ್ಕ ಹಾಕೋ ಹಾಗೆ ಮಾಡಿದ್ದೀವಿ. ನಿಮ್ಮ ಸೇಫ್ಟಿಗೇ" ಎಂದರು.

"ಮತ್ತೆ ಹಸಿರು ಯಾಕೆ ಸಾರ್ ಉರೀತಾ ಇತ್ತು?"

"ಹಸಿರು ಅಂದ್ರೆ ಒಳಗೆ ಹೋಗಬಹುದು ಅಂತ ಅಷ್ಟೇ. ಕ್ಲೀನ್ ಆಗಿದೆ ಅಂತ ಅಲ್ವಲ್ಲ" ಎಂದರು. ಬಯ್ಯಬೇಕೆಂದುಕೊಂಡೆ. ಬಯ್ಯುವುದಕ್ಕೆ ಅವರು ಸುಳ್ಳೇನೂ ಹೇಳಿರಲಿಲ್ಲ. ಅವರು ಹೇಳಿದ್ದನ್ನು ಸಿಂಪಲ್ಲು ಮಾಡಿ ಹೇಳಿದವಳು ನಾನು.

ಉಳಿದ ಏಳು ಪ್ಲಾಸ್ಟರನ್ನೂ ಕಿತ್ತು ಹಾಕಿ, ಮೈಕು ಹಿಡಿದು ಹೆಂಗಸರನ್ನು ಕರೆದೆ. ಚಾಳೀಸಜ್ಜಿ ಮುಂದೆಯೇ ಬಂದು ಕೂತಳು. ಮೊಮ್ಮಗಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದ ಮುಖ. "ಯಾರು ಅಂಟಿಸಿದ್ದು ಅಂತ ಕೇಳಲ್ಲ" ಎಂದೆ. "ಯಾಕೆ ಅಂತ ಹೇಳಿ."

ಹೆಂಗಸರೆಲ್ಲ ಅಜ್ಜಿಯ ಕಡೆ ತಿರುಗಿದರು. ಆಮೇಲೆ ಅಜ್ಜಿಯೇ ಹೇಳಿದಳು: "ನೀನೇ ಹೇಳಿದ್ಯಲ್ಲಮ್ಮ, ಒಳಗೆ ಯಾರಿದ್ರೂ ಅದು ನೋಡುತ್ತೆ ಅಂತ. ಗಂಡನಿಗಿಂತ ಚೆನ್ನಾಗಿ ನೋಡುತ್ತೆ ಅಂತ. ಮರ್ಯಾದಸ್ಥ ಹೆಂಗಸರು ಹೇಗಮ್ಮ ಕೂರೋದು ಅದರ ಕೆಳಗೆ?"

"ನೋಡುತ್ತೆ ಅನ್ನಲಿಲ್ಲ ಅಜ್ಜಿ! ನೋಡ್ಕೊಳ್ಳುತ್ತೆ ಅಂದೆ. ಜೋಪಾನ ಮಾಡುತ್ತೆ ಅಂತ!"

"ಎರಡಕ್ಕೂ ನೋಡಲೇಬೇಕಲ್ಲ" ಎಂದಳು ಅಜ್ಜಿ.

"ಅದಕ್ಕೆ ಕಣ್ಣೇ ಇಲ್ಲ, ಅದು ಕುರುಡು!"

"ಕುರುಡಾದ್ರೆ ಒಳಗೆ ಜನ ಇರೋದು ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಮೈಯ ಬಿಸಿ ತಗುಲುತ್ತೆ ಅಜ್ಜಿ, ಅದರಿಂದ ಗೊತ್ತಾಗುತ್ತೆ."

"ಅಯ್ಯಯ್ಯೋ, ಮೈ ಬೇರೆ ಮುಟ್ಟುತ್ತಾ?" ಎಂದು ಹಿಂದಿನಿಂದ ಯಾರೋ ಕಿರುಚಿದರು. ಗುಂಪೆಲ್ಲ ಗುಜುಗುಜು ಎಂದಿತು. ಎಳೆಯ ಹುಡುಗಿಯರು ಸೆರಗು, ಶಾಲು ಬಿಗಿದುಕೊಂಡರು.

ನಾನು ಕಿರುಚಿದೆ. ಕೈ ಮುಗಿದೆ. ನಾನೇ ಒಳಗೆ ಹೋಗಿ ಕೂತು ತೋರಿಸುತ್ತೇನೆ ಎಂದೆ. ಹನ್ನೊಂದು ಮಂಚಗಳ ಕಡೆ ಕೈ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ ಎಂದಲ್ಲ. ಹೌದು ಹೌದು ಎಂದು ತಲೆಯಾಡಿಸಿದರು. ಆದರೆ ಒಂದು ಸಲ ನೋಡುತ್ತದೆ ಎಂದು ಮನಸ್ಸಿಗೆ ಹೊಕ್ಕ ಮೇಲೆ ಆ ಗುಂಡಿಯ ಕೆಳಗೆ ಬಟ್ಟೆ ಎತ್ತಿ ಕೂರುವುದಾದರೂ ಹೇಗೆ? ನಿಜ ಹೇಳುತ್ತೇನೆ, ಆಮೇಲೆ ನಾನೇ ಒಳಗೆ ಹೋದಾಗ ನನ್ನ ಕಣ್ಣೂ ಮೂಲೆಗೇ ಹೋಯಿತು. ಗಂಟೆ ಕಳೆಯುವುದರೊಳಗೆ ಮೂರು ಬಾಗಿಲುಗಳು ಮತ್ತೆ ಬರೀ ಹಸಿರಾಗಿ ನಿಂತವು. ತೆಗೆದು ನೋಡಿದರೆ ಗುಂಡಿಯ ಮೇಲೆ ಒದ್ದೆ ಸೋಪು ಮೆತ್ತಿದ್ದರು. ಒರೆಸಿದೆ. ಮತ್ತೆ ಮೆತ್ತುತ್ತಾರೆ ಎಂದು ಗೊತ್ತಿದ್ದೂ ಒರೆಸಿದೆ.

ಆಸ್ಪತ್ರೆ ಡೇರೆಗೆ ವಾಪಸು ಬಂದಾಗ ಮಧ್ಯಾಹ್ನದ ಬಿಸಿಲು ಟಾರ್ಪಾಲಿನ ಮೇಲೆ ಕಾಯುತ್ತಿತ್ತು. ನರ್ಸಕ್ಕ ತಂಗಿಯ ಹೊಟ್ಟೆಯ ಮೇಲೆ ಒಂದು ಸಣ್ಣ ಯಂತ್ರ ಇಟ್ಟು ಆ ಕಡೆ ಈ ಕಡೆ ಜರುಗಿಸುತ್ತಿದ್ದರು. ಗೊರಗೊರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಯಂತ್ರ ಒರೆಸಿಟ್ಟು, ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು.

"ನಿಮ್ಮ ತಂಗಿಗೆ ಏನೂ ಆಗಲ್ಲ. ನಾಡಿ ಬಂದಿದೆ" ಎಂದರು. ಆಮೇಲೆ ಧ್ವನಿ ಇಳಿಸಿ, "ಮಗೂದು ಬಡಿತ ಸಿಗ್ತಾ ಇಲ್ಲ. ನಾಲ್ಕು ಸಲ ಹುಡುಕಿದೆ. ಡಾಕ್ಟರ್ ಪಕ್ಕದ ಶಿಬಿರದಿಂದ ಹೊರಟಿದ್ದಾರೆ, ಅರ್ಧ ಗಂಟೆ ಆಗುತ್ತೆ. ಅವರು ನೋಡಿ ಹೇಳೋವರೆಗೆ ಅವಳಿಗೆ ಏನೂ ಹೇಳ್ಬೇಡಿ" ಎಂದರು.

"ಟಾಯ್ಲೆಟ್ಟಿಂದಾನಾ?" ಎಂದೆ.

"ನೀರಿಂದ ಇರಬಹುದು, ಕೈಯಿಂದ ಇರಬಹುದು, ಅದರಿಂದಲೂ ಇರಬಹುದು. ಇದರಿಂದಲೇ ಅಂತ ಹೇಳೋಕಾಗಲ್ಲ ಕಂಡಕ್ಟರಮ್ಮ. ಯಾರಿಗೂ ಆಗಲ್ಲ."

ಒಪ್ಪಿಕೊಂಡು ಅಳೋಣವೆಂದರೆ ತಪ್ಪು ಪೂರ್ತಿ ನನ್ನದು ಎಂದು ಹೇಳುವವರೂ ಇಲ್ಲ. ನನ್ನದಲ್ಲ ಎಂದು ಹೇಳುವವರಂತೂ ಇಲ್ಲ. ಮುಖ ತೊಳೆದುಕೊಂಡು ಒಳಗೆ ಹೋದೆ.

ತಂಗಿಗೆ ಎಚ್ಚರವಿತ್ತು. ಮಂಚದ ಅಂಚಿನಲ್ಲಿ ಜಾಗ ಮಾಡಿಕೊಟ್ಟಳು. "ಅಕ್ಕ, ಪ್ಲಾಸ್ಟರ್ ಕತ್ತರಿಸಿದ್ದು ನಾನೇ" ಎಂದಳು.

"ಗೊತ್ತು."

"ಬೈಯಲ್ವಾ?"

"ಇಲ್ಲ ಕಣೇ."

"ಅಜ್ಜಿ ಕೇಳಿದ್ರು. ನಂಗೂ ಅದರ ಕೆಳಗೆ ಕೂತ್ಕೊಳ್ಳೋಕೆ ಆಗ್ತಿರಲಿಲ್ಲ. ನಿಂಗೆ ಹೇಳಿದ್ರೆ ಆಡ್ಕೊಂಡು ನಗ್ತೀಯ ಅಂತ ಹೇಳಲಿಲ್ಲ."

"ಅದು ನಿಜವಾಗ್ಲೂ ನೋಡುತ್ತೆ, ರಿಪೋರ್ಟ್ ಕಳಿಸುತ್ತೆ ಅಂತ ನಂಬಿಬಿಟ್ಯಾ? ನಾನು ತಮಾಷೆಗೆ ಅಂದಿದ್ದು."

"ಚಿಕ್ಕೋಳಿದ್ದಾಗಿಂದ ನೀನು ಹೇಳಿದ್ದನ್ನೆಲ್ಲ ನಂಬಿದೀನಿ" ಎಂದಳು. ದೂರು ಹೇಳುವ ಧ್ವನಿ ಅದಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು ಅಷ್ಟೇ.

ಆಮೇಲೆ ಡ್ರಿಪ್ ಹಾಕಿದ್ದ ಕೈಯಿಂದಲೇ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಬೆಳಿಗ್ಗೆಯಿಂದ ಒದ್ದಿಲ್ಲ ಅಕ್ಕ. ನಂಗೆ ಸುಸ್ತಿಗೆ ಗೊತ್ತಾಗ್ತಿಲ್ವೋ ಏನೋ. ನೀನು ಮುಟ್ಟಿ ಹೇಳು."

ಹೊಟ್ಟೆ ಬೆಚ್ಚಗಿತ್ತು. ಕೈ ಒತ್ತಿ ಹಿಡಿದೆ. ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಹೋದ ಭಾನುವಾರ ಇದೇ ಜಾಗದಲ್ಲಿ ನನ್ನ ಅಂಗೈಗೆ ಹಿಮ್ಮಡಿ ಕೊಟ್ಟು ಒದ್ದಿತ್ತು. ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಏನು ಹೇಳಿದರೆ ಅದು ನಿಜ ಎನ್ನುವ ಹಾಗೆ.

"ಮಲಗಿದೆ ಕಣೇ" ಎಂದೆ.

"ಹೌದಾ?" ಎಂದಳು. ಮುಖ ಹಗುರಾಯಿತು. "ಮಲಗಲಿ ಬಿಡು ಪಾಪ, ಅದಕ್ಕೂ ಸುಸ್ತಾಗಿರುತ್ತೆ."

ಕಣ್ಣು ಮುಚ್ಚಿದಳು. ಡಾಕ್ಟರ್ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನಾನು ಕೈ ತೆಗೆಯಲಿಲ್ಲ.